ಹಡಗಿನಲ್ಲಿ ಬರುವ ಆಲೂಗೆಡ್ಡೆ

ಅಡಿಗೆಗೆ ಕುಳಿತಾಗ ಒಂದು ಪದಾರ್ಥವು ತೀರಿಹೋಗಿದ್ದರೆ ಮಗುವಿನ ಕೈಗೆ ಬಟ್ಟಲನ್ನು ಕೊಟ್ಟು ನೆರೆಮನೆಗೆ ಅಟ್ಟುವುದು ಗೃಹಿಣಿಯರೆಲ್ಲರೂ ಬಲ್ಲ ಉಪಾಯ. ಇಷ್ಟು ಸುಲಭವಾದ ಉಪಾಯವನ್ನು ಮಾಡಲಾರದೆ ಪೇಚಿಗೆ ಸಿಕ್ಕಿದ ಒಂದು ದೊಡ್ಡ ಅಡಿಗೆಮನೆಯ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಬೇಕೆಂದಿದ್ದೇವೆ.

ಪೂರ್ವ ಆಫ್ರಿಕದ ಕೀನ್ಯಾ ದೇಶದ ರಾಜಧಾನಿಯಾದ ನೈರೋಬಿಯಲ್ಲಿ, ಕರಿದ ಕೋಳಿಗೆ ಹೆಸರಾದ ಅಮೆರಿಕದ ಕೆ.ಎಫ್.ಸಿ. ಸಂಸ್ಥೆಯು 2011ರಲ್ಲಿ ಅಂಗಡಿಯನ್ನು ತೆರೆಯಿತು. ಪಿಟ್ಸಾ, ಬರ್ಗರುಗಳನ್ನು ಮಾರುವ ಪರದೇಶದ ಬೇರೆ ಮಳಿಗೆಗಳೂ ಅನಂತರ ಬಂದವು. ಆ ದೇಶದ ನಿತ್ಯದ ಊಟ ಉಗಾಲಿ. ಅದನ್ನು ನಮ್ಮ ರಾಗಿಮುದ್ದೆಯ ತಂಗಿಯೆನ್ನಬಹುದು, ಹಿಟ್ಟು ಮಾತ್ರ ಮುಸುಕಿನ ಜೋಳದ್ದು. ಅದರ ಜೊತೆಗೆ ಬಡಿಸುವ ಸೊಪ್ಪಿಗೆ ‘ಸುಕುಮ ವಿಕಿ’ ಎಂದು ಹೆಸರು. ಎಂದರೆ ‘ವಾರವನ್ನು ನೂಕು’. ತಿಂಗಳ ಕೊನೆಯಲ್ಲಿ ಸಂಸಾರವನ್ನು ತೂಗಿಸಿದವರಿಗೆ ಇದರ ಅರ್ಥವನ್ನು ನಾವು ಬಿಡಿಸಿ ಹೇಳಬೇಕಾದುದಿಲ್ಲ. ಕರಿದ ಆಲೂಗೆಡ್ಡೆಯ ಹೋಳುಗಳೂ ಅಲ್ಲಿಯವರಿಗೆ ಹೊಸತಲ್ಲ. ಮುಸುಕಿನ ಜೋಳವನ್ನು ಬಿಟ್ಟರೆ ಆ ದೇಶದ ಮುಖ್ಯ ಆಹಾರದ ಬೆಳೆಯೇ ಆಲೂಗೆಡ್ಡೆ. ನ್ಯಾಂಡರುವಾ ಮುಂತಾದ ತಂಪು ಸೀಮೆಗಳಲ್ಲಿ ಸಣ್ಣ ಹಿಡುವಳಿದಾರರು ಅದನ್ನೇ ನಂಬಿ ಬದುಕುತ್ತಾರೆ.

ಹೀಗಿರಲು 2022ರ ಜನವರಿಯಲ್ಲಿ ಆ ಸಂಸ್ಥೆಯು ತನ್ನಲ್ಲಿ ಆಲೂಗೆಡ್ಡೆಯು ತೀರಿಹೋಯಿತೆಂದು ಪ್ರಕಟಿಸಿತು. ಕಾರಣವೇನೆಂದರೆ, ಕರೋನಾ ವ್ಯಾಧಿಯ ದೆಸೆಯಿಂದ ಹಡಗುಗಳು ತಡವಾಗಿದ್ದುವು! ಕೋಳಿಯನ್ನು ದೇಶದಲ್ಲಿಯೇ ಕೊಳ್ಳುತ್ತಿದ್ದವರು ಗೆಡ್ಡೆಯನ್ನು ಪರದೇಶದಿಂದ ತರಿಸುತ್ತಿದ್ದರೆಂಬುದು ಆಗ ಎಲ್ಲರಿಗೂ ತಿಳಿದುಬಂದಿತು. ಜನರು ಕೆರಳಿದರು, ಆ ಅಂಗಡಿಯನ್ನು ಬಹಿಷ್ಕರಿಸಬೇಕೆಂಬ ಕೂಗೆದ್ದಿತು.

ಹಿರಿಯ ವಾಚಕರಿಗೆ ಇಲ್ಲಿ ಒಂದು ನೆನಪಾಗಬಹುದು. ಇದೇ ಸಂಸ್ಥೆಯು 1995ರಲ್ಲಿ ನಮ್ಮ ಬೆಂಗಳೂರಿಗೆ ಬಂದಿತು. ಮರುವರ್ಷದ ಜನವರಿಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತಸಂಘದವರು ಅಂಗಡಿಗೆ ನುಗ್ಗಿದರು. ನಮ್ಮವರು ‘ನೀವು ಹೊರಡಿ’ ಎಂದರು. ಕೀನ್ಯಾದವರು ‘ನಮ್ಮದನ್ನೂ ಕೊಳ್ಳಿ’ ಎಂದರು. ಎರಡನೆಯ ಮಾತಿಗೆ ಉತ್ತರ ಹೇಳುವುದು ವರ್ತಕನಿಗೆ ಹೆಚ್ಚು ಕಷ್ಟವೆಂದು ನಮಗೆ ತೋರುತ್ತದೆ.

ಗೆಡ್ಡೆಯು ತಮ್ಮ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು, ತಿನ್ನುವವರ ಕ್ಷೇಮಕ್ಕಾಗಿಯೇ ಈ ನಿಯಮ, ಎಂದು ಸಂಸ್ಥೆಯವರು ಸಮಾಧಾನ ಹೇಳಿದರು. ಇದು ಬರಿಯ ನೆವವಲ್ಲ. ಅಲ್ಲಿ ಹೆಚ್ಚಾಗಿ ಬೆಳೆಯುವ ಶಾಂಗಿ ಎಂಬ ತಳಿಯು ಅಗೆದ ಸ್ವಲ್ಪ ದಿನಗಳಲ್ಲಿಯೇ ಮೊಳೆಯುತ್ತದೆ; ಬಹುಕಾಲ ಕೂಡಿಡಲಾಗದು. ಸಕ್ಕರೆಯಂಶ ಹೆಚ್ಚಿದ ಗೆಡ್ಡೆಯು ಎಣ್ಣೆಯಲ್ಲಿ ಕಂದುಗಟ್ಟುವುದನ್ನು ನಮ್ಮ ಸೋದರಿಯರೂ ಕಂಡಿರುವರು. ಆದರೆ ಇಂತಹ ಗೆಡ್ಡೆ ಬೇಕು, ಇಷ್ಟು ದರ ಕೊಡುತ್ತೇವೆ, ಎಂದು ಬಿತ್ತನೆಗೆ ಮೊದಲೇ ಹೇಳಿದರೆ ಬೇರೆ ತಳಿಯನ್ನು ಊರದ ರೈತನುಂಟೆ? ಕೋಳಿಯ ವಿಷಯದಲ್ಲಿ ಆದುದು ಗೆಡ್ಡೆಯ ವಿಷಯದಲ್ಲಿ ಹತ್ತು ವರ್ಷವಾದರೂ ಆಗಿರಲಿಲ್ಲ.

ಗದ್ದಲವಾದ ಮೇಲೆ, ದೇಶದೊಳಗೆ ಗೆಡ್ಡೆ ಒದಗಿಸುವವರನ್ನು ಹುಡುಕುವುದಾಗಿ ಸಂಸ್ಥೆಯು ಹೇಳಿತು. ಆ ಸೀಮೆಯ ಒಕ್ಕಲಿಗರಿಗೆ ಇದು ಸಣ್ಣ ಮಾತಲ್ಲ. ಗೋಣಿಯ ಬಾಯಿಗೆ ಮತ್ತಷ್ಟು ಬಲೆಯನ್ನು ಹೊಲಿದು, ಗೋಪುರದಂತೆ ತುಂಬಿ, ಒಂದೇ ಮೂಟೆಯ ಬೆಲೆಗೆ ಒಯ್ಯುವ ದಲ್ಲಾಳಿಗಳ ವಿಷಯವಾಗಿ ಅವರದು ಹಳೆಯ ದೂರು. ಮೂಟೆಯು 50 ಕಿಲೋಗ್ರಾಮನ್ನು ಮೀರಕೂಡದೆಂದು ಸರಕಾರವು ನಿಯಮವನ್ನೇ ಮಾಡಬೇಕಾಯಿತು. ಪರದೇಶದ ಮಳಿಗೆಯು ಆ ಗೆಡ್ಡೆಯನ್ನು ತಕ್ಕಡಿಯಲ್ಲಿಟ್ಟು ತೂಗಿ ಕೊಳ್ಳುವುದಾದರೆ, ಅದರ ಕೋಳಿಯನ್ನು ಮುಟ್ಟದ ನಾವೂ ಅದು ನೈರೋಬಿಗೆ ಬಂದುದನ್ನು ಬೇಡವೆನ್ನಲಾರೆವು.