ಗಿಗಾಹರ್ಟ್ಸ್ ಮೋಹಕ್ಕೆ ಬಿದ್ದ ಬೆಲೆ: ಪೆಂಟಿಯಂ 4, ಅಥ್ಲಾನ್ 64 ಕಲಿಸಿದ ಪಾಠ

ಬೆಂಗಳೂರು: ಕಂಪ್ಯೂಟರ್ ಕೊಳ್ಳಲು ಎಸ್.ಪಿ. ರಸ್ತೆಯ ಅಂಗಡಿಗಳಿಗೆ ಹೋದವರು ಒಂದು ಕಾಲದಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ 'ಎಷ್ಟು ಗಿಗಾಹರ್ಟ್ಸ್?' ಎಂಬುದಾಗಿತ್ತು. ಇಂದು ಅದು 'ಎಷ್ಟು ಕೋರ್?' ಎಂದು ಬದಲಾಗಿದೆ. ಪ್ರಶ್ನೆ ಬದಲಾದರೂ, ಒಂದೇ ಒಂದು ಸಂಖ್ಯೆಯಿಂದ ಪ್ರೊಸೆಸರ್‌ನ ಯೋಗ್ಯತೆ ಅಳೆಯುವ ಅಭ್ಯಾಸ ಹಾಗೆಯೇ ಉಳಿದಿದೆ. ಈ ಅಭ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇಂಟೆಲ್‌ನ ಪೆಂಟಿಯಂ 4 ಹಾಗೂ ಎಎಂಡಿಯ ಅಥ್ಲಾನ್ 64 ನಡುವಣ ಪೈಪೋಟಿಯೇ ಸಾಕ್ಷಿ.

2000ದ ನವೆಂಬರ್‌ನಲ್ಲಿ 1.4 ಮತ್ತು 1.5 ಗಿಗಾಹರ್ಟ್ಸ್ ವೇಗದೊಂದಿಗೆ ಮಾರುಕಟ್ಟೆಗೆ ಬಂದ ಪೆಂಟಿಯಂ 4, ಗಡಿಯಾರದ ವೇಗವನ್ನೇ ಬಂಡವಾಳವಾಗಿಸಿಕೊಂಡ ವಿನ್ಯಾಸ. ಮುಂದೆ ಅದು 10 ಗಿಗಾಹರ್ಟ್ಸ್ ತಲುಪೀತು ಎಂಬ ನಿರೀಕ್ಷೆ ಕಂಪನಿಯದಾಗಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಬಂದ ಅಥ್ಲಾನ್ 64 3200+ ಓಡುತ್ತಿದ್ದುದು ಕೇವಲ 2 ಗಿಗಾಹರ್ಟ್ಸ್ ವೇಗದಲ್ಲಿ. ಆದರೂ ಅದು 3.2 ಗಿಗಾಹರ್ಟ್ಸ್ ಪೆಂಟಿಯಂ 4ಕ್ಕೆ ಸರಿಸಾಟಿಯಾಗಿ ನಿಂತಿತು. ಕಂಪ್ಯೂಟರ್ ಆಟಗಳಲ್ಲಿ ಬಹುತೇಕ ಮುಂದೆಯೇ ಇತ್ತು.

ಬಾಣಲಿ ಸಾಲಿನ ಲೆಕ್ಕ

ಇದು ಹೇಗೆ ಸಾಧ್ಯ? ಮನೆಗೆ ಆರ್‌ಸಿಸಿ ಹಾಕುವಾಗ ಕೂಲಿಯಾಳುಗಳು ಸಾಲಾಗಿ ನಿಂತು ಕಾಂಕ್ರೀಟ್ ಬಾಣಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ಎಲ್ಲರೂ ಕಂಡಿದ್ದೇವೆ. ಸಾಲಿನಲ್ಲಿ ಹೆಚ್ಚು ಮಂದಿ ನಿಂತರೆ ಪ್ರತಿಯೊಬ್ಬರ ಕೆಲಸ ಚಿಕ್ಕದಾಗಿ, ಕೈಗಳು ಬೇಗ ಆಡುತ್ತವೆ. ಆದರೆ ಕಲಸಿದ ಮಿಶ್ರಣವೇ ತಪ್ಪಾಗಿದ್ದರೆ, ಸಾಲಿನುದ್ದಕ್ಕೂ ಇರುವ ಬಾಣಲಿಗಳನ್ನೆಲ್ಲ ಸುರಿದು ಮೊದಲಿನಿಂದ ಆರಂಭಿಸಬೇಕು. ಸಾಲು ಉದ್ದವಾದಷ್ಟೂ ನಷ್ಟ ಹೆಚ್ಚು. ಪ್ರೊಸೆಸರ್‌ಗಳೂ ಮುಂದಿನ ಆದೇಶ ಯಾವುದೆಂದು ಊಹಿಸಿ ಕೆಲಸ ಆರಂಭಿಸುತ್ತವೆ. ಊಹೆ ತಪ್ಪಿದಾಗ ಇದೇ ಪಾಡು. 2004ರ ಫೆಬ್ರುವರಿಯಲ್ಲಿ ಬಂದ 'ಪ್ರೆಸ್ಕಾಟ್' ಪೆಂಟಿಯಂ 4ರಲ್ಲಿ ಇಂತಹ 31 ಹಂತಗಳಿದ್ದರೆ, ಅಥ್ಲಾನ್ 64ರಲ್ಲಿ ಇದ್ದುದು 12.

ಎರಡನೆಯ ವ್ಯತ್ಯಾಸ ನೆನಪಿನ ಕೋಶಕ್ಕೆ ಸಂಬಂಧಿಸಿದ್ದು. ಪೆಂಟಿಯಂ 4 ಪ್ರತಿ ಬಾರಿಯೂ ಮದರ್‌ಬೋರ್ಡ್‌ನ ಮತ್ತೊಂದು ಚಿಪ್ ಮೂಲಕವೇ ಮೆಮೊರಿಯನ್ನು ತಲುಪಬೇಕಿತ್ತು. ಅಥ್ಲಾನ್ 64ರಲ್ಲಿ ಉಗ್ರಾಣದ ಬೀಗದ ಕೈ ಪ್ರೊಸೆಸರ್ ಬಳಿಯೇ ಇತ್ತು. ಹಾಗೆಂದು ಪೆಂಟಿಯಂ 4 ಎಲ್ಲದರಲ್ಲೂ ಸೋತಿತೆಂದು ಭಾವಿಸಬೇಕಿಲ್ಲ. ವೀಡಿಯೊ ಪರಿವರ್ತನೆಯಂತಹ, ಒಂದೇ ಬಗೆಯ ಕೆಲಸ ಸತತವಾಗಿ ಸಾಗುವ ಕಡೆ ಅದರ ಉದ್ದ ಸಾಲು ಫಲ ಕೊಡುತ್ತಿತ್ತು.

ಶಾಖದ ಗೋಡೆ

ನಿಜವಾದ ಸೋಲು ಕಂಡುಬಂದದ್ದು ವಿದ್ಯುತ್ ಲೆಕ್ಕದಲ್ಲಿ. ಪ್ರೊಸೆಸರ್ ಬಳಸುವ ವಿದ್ಯುತ್ತು ವೇಗದೊಂದಿಗೆ ಏರುವುದಲ್ಲದೆ, ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜ್ ಹೆಚ್ಚಿಸಬೇಕಾದಾಗ ಹೊರೆ ಇಮ್ಮಡಿಯಾಗುವುದು ಸಹಜ. ಸಾಲದೆಂಬಂತೆ 90 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಟ್ರಾನ್ಸಿಸ್ಟರ್‌ಗಳಿಂದ ಸೋರಿಕೆಯಾಗುವ ವಿದ್ಯುತ್ತೂ ಹೆಚ್ಚಿತು. 3.8 ಗಿಗಾಹರ್ಟ್ಸ್ ಪೆಂಟಿಯಂ 4ರ ಶಾಖದ ಮಿತಿ 115 ವ್ಯಾಟ್‌ಗೆ ಏರಿತು. ಆರಂಭದ ಅಥ್ಲಾನ್ 64ರ ಮಿತಿ 89 ವ್ಯಾಟ್. ಜೊತೆಗೆ, ಕೆಲಸವಿಲ್ಲದಾಗ ತಾನಾಗಿ ವೇಗ ಮತ್ತು ವೋಲ್ಟೇಜ್ ತಗ್ಗಿಸಿಕೊಳ್ಳುವ ಗುಣ ಅದಕ್ಕಿತ್ತು.

2004ರ ಅಕ್ಟೋಬರ್‌ನಲ್ಲಿ ಇಂಟೆಲ್ 4 ಗಿಗಾಹರ್ಟ್ಸ್ ಪೆಂಟಿಯಂ 4ರ ಯೋಜನೆಯನ್ನೇ ಕೈಬಿಟ್ಟಿತು. ಅಂದಿನ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಅಮೆರಿಕದ ಸಮ್ಮೇಳನವೊಂದರಲ್ಲಿ ವೇದಿಕೆಯ ಮೇಲೆಯೇ ಮಂಡಿಯೂರಿ ಕ್ಷಮೆ ಕೋರಿದರು.

ಪರಿಹಾರ ಬಂದದ್ದು ಲ್ಯಾಪ್‌ಟಾಪ್‌ಗಳಿಗಾಗಿ ಇಸ್ರೇಲ್‌ನ ತಂಡ ರೂಪಿಸಿದ ಮಿತವ್ಯಯದ ವಿನ್ಯಾಸದ ಹಾದಿಯಿಂದ. 2006ರ ಜುಲೈನಲ್ಲಿ ಬಿಡುಗಡೆಯಾದ ಕೋರ್ 2 ಡ್ಯುಯೊ, ಕಡಿಮೆ ಗಿಗಾಹರ್ಟ್ಸ್‌ನಲ್ಲಿ 65 ವ್ಯಾಟ್ ಮಿತಿಯೊಳಗೆ ಹಳೆಯ ಪೆಂಟಿಯಂಗಳನ್ನು ಹಿಂದಿಕ್ಕಿತು. ಅದೇ ಪೀಳಿಗೆಯ ಕೋರ್‌ಗಳನ್ನು ಬಳಸಿದ ಆರು ಕೋರ್‌ಗಳ 'ಡನ್ನಿಂಗ್ಟನ್' ಸರ್ವರ್ ಪ್ರೊಸೆಸರ್ 2008ರ ಸೆಪ್ಟೆಂಬರ್‌ನಲ್ಲಿ ಹೊರಬಂತು. ಅದನ್ನು ವಿನ್ಯಾಸಗೊಳಿಸಿದ್ದು ಇಂಟೆಲ್‌ನ ಬೆಂಗಳೂರು ಕೇಂದ್ರ ಎಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ.

ಗ್ರಾಹಕನಿಗೇನು ಪಾಠ?

ವೇಗ ಬೇರೆ, ದಕ್ಷತೆ ಬೇರೆ. 120 ವ್ಯಾಟ್ ಬಳಸುವ ಪ್ರೊಸೆಸರ್ ಒಂದು ಕೆಲಸವನ್ನು 10 ನಿಮಿಷದಲ್ಲಿ ಮುಗಿಸಿದರೆ ಖರ್ಚಾಗುವುದು 20 ವ್ಯಾಟ್-ಗಂಟೆ. 60 ವ್ಯಾಟ್‌ನದು ಅದಕ್ಕೇ 15 ನಿಮಿಷ ತೆಗೆದುಕೊಂಡರೂ ಖರ್ಚು 15 ವ್ಯಾಟ್-ಗಂಟೆ ಮಾತ್ರ. ಅದೇ 120 ವ್ಯಾಟ್‌ನದು 5 ನಿಮಿಷದಲ್ಲಿ ಮುಗಿಸಿದರೆ 10 ವ್ಯಾಟ್-ಗಂಟೆ ಸಾಕು. ಆದ್ದರಿಂದ ಬರೀ ವ್ಯಾಟ್ ನೋಡುವುದೂ ತಪ್ಪು, ಬರೀ ವೇಗ ನೋಡುವುದೂ ತಪ್ಪು. ಒಂದು ಕೆಲಸಕ್ಕೆ ತಗಲುವ ಒಟ್ಟು ವಿದ್ಯುತ್ತೇ ಸರಿಯಾದ ಅಳತೆಗೋಲು.

ಮನೆಯಲ್ಲಿ ಇದು ಸಣ್ಣ ಮೊತ್ತವೆನಿಸಬಹುದು. ಆದರೆ 50 ಕಂಪ್ಯೂಟರ್‌ಗಳ ಕಚೇರಿಯಲ್ಲಿ ತಲಾ 50 ವ್ಯಾಟ್ ಉಳಿದರೆ, ದಿನಕ್ಕೆ 8 ಗಂಟೆಯಂತೆ 300 ದಿನಗಳಲ್ಲಿ 6,000 ಯೂನಿಟ್ ಉಳಿಯುತ್ತದೆ. ಹವಾನಿಯಂತ್ರಣದ ಖರ್ಚು ಇದರಿಂದ ಹೊರತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ಡೇಟಾ ಸೆಂಟರ್‌ಗಳು ಸುಮಾರು 41,500 ಕೋಟಿ ಯೂನಿಟ್ ಬಳಸಿವೆ. ಇದು ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಶೇ 1.5ರಷ್ಟು. ಬೇಸಿಗೆ ಬಂತೆಂದರೆ ಲೋಡ್ ಶೆಡ್ಡಿಂಗ್‌ಗೆ ಅಂಜುವ ನಾಡಿನಲ್ಲಿ ಈ ಲೆಕ್ಕ ಕೇವಲ ತಂತ್ರಜ್ಞರದಾಗಿ ಉಳಿಯಲಾರದು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಪ್ರೊಸೆಸರ್‌ಗಳಿಗೂ ಅನ್ವಯಿಸುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಗೆ ಮಾರುಹೋಗುವ ಮುನ್ನ, ನಾವು ಮಾಡುವ ಕೆಲಸದಲ್ಲಿ ಅದು ಎಷ್ಟು ವೇಗ, ಆ ಕೆಲಸಕ್ಕೆ ಎಷ್ಟು ವಿದ್ಯುತ್, ಸುಮ್ಮನಿದ್ದಾಗ ಎಷ್ಟು ವಿದ್ಯುತ್ ಎಂಬ ಮೂರು ಪ್ರಶ್ನೆಗಳನ್ನು ಅಂಗಡಿಯವರಿಗೆ ಕೇಳುವುದು ಒಳಿತು. ಇಂಟೆಲ್‌ನಂತಹ ದೈತ್ಯ ಕಂಪನಿಗೆ ಈ ಪ್ರಶ್ನೆಗಳ ಮಹತ್ವ ಅರಿವಾಗಲು ಐದಾರು ವರ್ಷಗಳೇ ಬೇಕಾದವು. ಗ್ರಾಹಕನಿಗೆ ಅಷ್ಟು ಕಾಲ ಬೇಕಿಲ್ಲ.