ಜಕ್ಕಾಯನು ಮರದಿಂದ ಇಳಿದ ಮೇಲೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನಿಂದ ದೂರವಾಣಿ ಮಾಡಿ, "ಸರ್, ಮಗನಿಗೆ ಐದು ವರ್ಷ ತುಂಬಿತು. ಕ್ರೈಸ್ತ ಸದ್ಗುಣಗಳನ್ನು ಮನೆಯಲ್ಲಿಯೇ ಕಲಿಸಬೇಕೆಂದಿದ್ದೇನೆ. ಒಳ್ಳೆಯ ಪುಸ್ತಕ ಯಾವುದಾದರೂ ಇದ್ದರೆ ಹೇಳಿ" ಎಂದಳು. ಯಾವ ಪುಸ್ತಕದ ಹೆಸರನ್ನೂ ನಾನು ಹೇಳಲಿಲ್ಲ. ಅಂದು ಹೇಳಬೇಕೆನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ.

ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಆತ್ಮನ ಫಲವೆಂದು ಒಂಬತ್ತು ಗುಣಗಳಿವೆ. ನಮ್ಮ ಕಾಲದ ಸಂಡೇ ಸ್ಕೂಲಿನಲ್ಲಿ ಅವನ್ನು ತಡವರಿಸದೆ ಒಪ್ಪಿಸಿದವರಿಗೆ ಬಹುಮಾನ ಸಿಗುತ್ತಿತ್ತು. ನನಗೂ ಸಿಕ್ಕಿತ್ತು. 'ದೀರ್ಘಶಾಂತಿ', 'ಶಮೆದಮೆ' ಎಂದರೇನೆಂದು ಮಾತ್ರ ತಿಳಿದಿರಲಿಲ್ಲ. ಬಹುಮಾನ ಪಡೆದ ದಿನವೇ ದಾರಿಯಲ್ಲಿ ತಂಗಿಯ ಜಡೆ ಎಳೆದಿದ್ದೆ. ಬಾಯಿಪಾಠ ಬೇಡವೆನ್ನುವವನು ನಾನಲ್ಲ (ನನ್ನ ವ್ಯಾಕರಣದ ತರಗತಿಯಲ್ಲಿ ಕುಳಿತವರಿಗೆ ಅದು ಗೊತ್ತು). ಆದರೆ ಅದರಿಂದ ಗುಣ ಬರುವುದಿಲ್ಲ.

ಈಗಿನ ಮನೆಗಳಲ್ಲಿ ಬಾಯಿಪಾಠದ ಜಾಗಕ್ಕೆ 'ಸಾರಿ' ಬಂದಿದೆ. ಮಗು ಇನ್ನೊಂದು ಮಗುವಿನ ಆಟಿಕೆ ಮುರಿಯುತ್ತದೆ. "ಸಾರಿ ಹೇಳು" ಎನ್ನುತ್ತಾರೆ. ಹೇಳುತ್ತದೆ. ಅಲ್ಲಿಗೆ ಮುಗಿಯಿತು, ಮುರಿದ ಆಟಿಕೆ ಮುರಿದೇ ಇರುತ್ತದೆ.

ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನ ಕಥೆಯನ್ನು ಎಲ್ಲ ಮಕ್ಕಳೂ ಬಲ್ಲರು. ಯೆರಿಕೋವಿನ ಸುಂಕದವರ ಮುಖ್ಯಸ್ಥ, ಗಿಡ್ಡ ಆಳು, ಯೇಸುವನ್ನು ನೋಡಲು ಮರ ಹತ್ತಿದ. ಮಕ್ಕಳಿಗೆ ಮರವೇ ಪ್ರಿಯವೆಂದು ಹೇಳುವವರೂ ಅವನನ್ನು ಮರದಲ್ಲಿಯೇ ಬಿಟ್ಟುಬಿಡುತ್ತಾರೆ. ಇಳಿದ ಮೇಲೆ ಅವನು ಆಸ್ತಿಯಲ್ಲಿ ಅರ್ಧವನ್ನು ಬಡವರಿಗೂ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟನ್ನೂ ಕೊಡುತ್ತೇನೆಂದನು. ಯಾಜಕಕಾಂಡದ 6ನೆಯ ಅಧ್ಯಾಯದ ನಿಯಮದಂತೆ, ಮೋಸದಿಂದ ಪಡೆದದ್ದನ್ನು ಹಿಂದಿರುಗಿಸುವವನು ಅಸಲಿಗೆ ಐದನೆಯ ಒಂದು ಪಾಲು ಸೇರಿಸಿದರೆ ಸಾಕಿತ್ತು, 100ಕ್ಕೆ 120. ಜಕ್ಕಾಯನು 400 ಎಂದನು. ಮಕ್ಕಳಿಗೆ ಕಲಿಸಬೇಕಾದದ್ದು ಈ ಲೆಕ್ಕ.

ನನ್ನ ತಾಯಿ ಅದನ್ನು ಕಲಿಸಿದ್ದರು. ಎಂಟು ವರ್ಷದವನಾಗಿದ್ದಾಗ ತಂಗಿಯ ಸ್ಲೇಟು ಒಡೆದೆ. ಅಮ್ಮ ಗದರಲಿಲ್ಲ. ನನ್ನ ಸ್ಲೇಟನ್ನು ಅವಳಿಗೆ ಕೊಡಿಸಿದರು. ಒಡೆದ ತುಂಡಿನ ಮೇಲೆ ನಾನು ಎರಡು ವಾರ ಲೆಕ್ಕ ಬರೆದೆ. ನನ್ನ ಕೈ ಕೊಯ್ಯದಿರಲೆಂದು ಆ ತುಂಡಿನ ಅಂಚನ್ನು ಒಗೆಯುವ ಕಲ್ಲಿಗೆ ಉಜ್ಜಿ ಕೊಟ್ಟವರೂ ಅವರೇ.

ಆದರೆ ತಂದೆಯಾದ ಮೇಲೆ ನಾನೇ ತಪ್ಪಿದೆ. 1996ರಲ್ಲಿ ನನ್ನ ಪೆನ್ನು ಕಾಣೆಯಾಯಿತು. ಎಂಟು ವರ್ಷದ ಮಗನೇ ತೆಗೆದನೆಂದು ಹೊಡೆದೆ. ಸಂಜೆ ಪೆನ್ನು ಉತ್ತರಪತ್ರಿಕೆಗಳ ಕಟ್ಟಿನೊಳಗೆ ಸಿಕ್ಕಿತು. ಅಂದಿನ ಕುಟುಂಬ ಪ್ರಾರ್ಥನೆಯನ್ನು ಎಂದಿನಂತೆ ನಾನೇ ನಡೆಸಿದೆ, ಪೆನ್ನಿನ ಮಾತೆತ್ತಲಿಲ್ಲ. ಮರುದಿನ ಬಣ್ಣದ ಪೆನ್ಸಿಲುಗಳ ಡಬ್ಬಿ ತಂದುಕೊಟ್ಟು, ಸಾಲ ತೀರಿತೆಂದುಕೊಂಡೆ. ಜಕ್ಕಾಯನು ಎದ್ದುನಿಂತು ಬಾಯಿಬಿಟ್ಟು ಹೇಳಿದ್ದನೆಂಬುದನ್ನು ಮರೆತಿದ್ದೆ.

ಮಕ್ಕಳ ಮುಂದೆ ತಪ್ಪೊಪ್ಪಿದರೆ ಹಿರಿಯರ ಗೌರವ ಉಳಿಯುವುದಿಲ್ಲವೆಂದು ನಮ್ಮ ಬಂಧುಗಳಲ್ಲಿ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಐದು ವರ್ಷದ ಮಗು ಗೌರವವನ್ನು ಅಳೆಯುತ್ತ ಕೂರುವುದಿಲ್ಲ. ನ್ಯಾಯವನ್ನಂತೂ ಚೆನ್ನಾಗಿ ಅಳೆಯುತ್ತದೆ.

ಹೋದ ಕ್ರಿಸ್ಮಸ್ಸಿಗೆ ಮಗ ಸಂಸಾರದೊಡನೆ ಬಂದಿದ್ದ. ತಾನೇ ಮೇಜಿನಂಚಿಗಿಟ್ಟ ಹಾಲಿನ ಲೋಟ ಉರುಳಿದ್ದಕ್ಕೆ ಮಗಳನ್ನು ಗದರಿದ. ಆಮೇಲೆ ನೆಲದ ಮೇಲೆ ಅವಳೆದುರು ಕುಳಿತು, "ತಪ್ಪು ನನ್ನದು, ಪುಟ್ಟೀ" ಎಂದ. ಇಬ್ಬರೂ ಸೇರಿ ಹಾಲು ಒರೆಸಿದರು.

ಆ ರಾತ್ರಿ ನಾನು ಅವನಿಗೆ ಪೆನ್ನಿನ ವಿಷಯ ಹೇಳಿದೆ.

"ಗೊತ್ತಿತ್ತು ಅಪ್ಪಾ," ಎಂದನು. "ಮರುದಿನ ಅದು ನಿಮ್ಮ ಜೇಬಿನಲ್ಲಿತ್ತು."