ಶೇ 60 ಎಂಬ ಅಂಕಿಯ ಊರು ಯಾವುದು?

ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡಾದ ರಾಕಾಯ್. ಸುನ್ನತಿಯಿಂದ ಎಚ್‌ಐವಿ ತಡೆಯಬಹುದೇ ಎಂಬ ಪ್ರಶ್ನೆಗೆ ವೈದ್ಯವಿಜ್ಞಾನ ಇವತ್ತು ಕೊಡುವ ಉತ್ತರದ ಬಹುಪಾಲು ಈ ಮೂರು ಕಡೆಗಳಿಂದ ಬಂದದ್ದು. ಹನ್ನೊಂದು ಸಾವಿರಕ್ಕೂ ಹೆಚ್ಚು ಗಂಡಸರು ತಾವಾಗಿಯೇ ಒಪ್ಪಿ ಈ ಅಧ್ಯಯನಗಳಿಗೆ ಸೇರಿದ್ದರು. ಯಾರಿಗೆ ಕೂಡಲೇ ಶಸ್ತ್ರಚಿಕಿತ್ಸೆ, ಯಾರಿಗೆ ಅಧ್ಯಯನ ಮುಗಿದ ಮೇಲೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಯಿತು. ಮೂರೂ ಕಡೆ ಸೇರಿಸಿ ಲೆಕ್ಕ ಹಾಕಿದರೆ, ಸುನ್ನತಿ ಮಾಡಿಸಿಕೊಂಡ ಗುಂಪಿನಲ್ಲಿ 64 ಮಂದಿಗೆ ಎಚ್‌ಐವಿ ತಗುಲಿತ್ತು, ಕಾಯುತ್ತಿದ್ದ ಗುಂಪಿನಲ್ಲಿ 141 ಮಂದಿಗೆ. ವ್ಯತ್ಯಾಸ ಎದ್ದು ಕಾಣುತ್ತಿದ್ದುದರಿಂದ ಉಳಿದವರನ್ನು ಇನ್ನೂ ಕಾಯಿಸುವುದು ಸರಿಯಲ್ಲವೆಂದು ಮೂರನ್ನೂ ಅವಧಿಗೆ ಮೊದಲೇ ನಿಲ್ಲಿಸಿದರು. ಆರೆಂಜ್ ಫಾರ್ಮ್‌ನ ಫಲಿತಾಂಶ 2005ರಲ್ಲಿ ಪ್ರಕಟವಾಯಿತು, ಉಳಿದೆರಡು 2007ರ ಫೆಬ್ರುವರಿಯಲ್ಲಿ ಬಂದವು. ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸು ಹೊರಡಿಸಿತು.

ಅಲ್ಲಿಂದ ಹೊರಟ ‘ಶೇ 60ರಷ್ಟು ರಕ್ಷಣೆ’ ಎಂಬ ಅಂಕಿ ನಮ್ಮಲ್ಲಿಗೂ ಬಂದಿದೆ. ತಮ್ಮ ಆಚರಣೆಗೆ ವಿಜ್ಞಾನದ ಮುದ್ರೆ ಬಿತ್ತೆಂದು ಸಂಭ್ರಮಿಸುವವರ ಕೈಯಲ್ಲಿದೆ, ಅದನ್ನು ಕಟ್ಟುಕತೆ ಎಂದು ತಳ್ಳಿಹಾಕುವವರ ಬಾಯಲ್ಲೂ ಇದೆ. ಭಾರತದಲ್ಲಿ ಈ ವಿಷಯ ಧರ್ಮದ ಹೆಸರು ಕೇಳದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ನನಗೆ ಕಾಣುವುದು ಇಷ್ಟು: ಅಂಕಿ ಗಟ್ಟಿಯಾಗಿಯೇ ಇದೆ, ಆದರೆ ಅದಕ್ಕೊಂದು ಊರಿದೆ. ರೋಗ ಅಲ್ಲಿ ಹರಡುವ ದಾರಿ, ಅಲ್ಲಿ ಅದು ಎಷ್ಟು ವ್ಯಾಪಕ ಎಂಬುದರಿಂದ ಬೇರ್ಪಡಿಸಿ ಅದನ್ನು ಬಳಸಿದರೆ ಪರ ನಿಂತವರೂ ವಿರೋಧ ನಿಂತವರೂ ಒಂದೇ ಬಗೆಯ ತಪ್ಪು ಮಾಡುತ್ತಾರೆ.

ಗಟ್ಟಿ ಎಂದು ಹೇಳಲು ನನಗೆ ಧೈರ್ಯ ಬರುವುದು ಆಫ್ರಿಕಾದ ಅಧ್ಯಯನಗಳಿಗಿಂತ ಹೆಚ್ಚಾಗಿ ಪುಣೆಯ ಅಧ್ಯಯನದಿಂದ. ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2004ರಲ್ಲಿ ಪ್ರಕಟವಾಯಿತು. 1990ರ ದಶಕದಲ್ಲಿ ಅಲ್ಲಿನ ಗುಪ್ತರೋಗ ಚಿಕಿತ್ಸಾಲಯಗಳಿಗೆ ಬರುತ್ತಿದ್ದ, ಆಗಿನ್ನೂ ಎಚ್‌ಐವಿ ತಗುಲದಿದ್ದ ಸುಮಾರು 2,300 ಗಂಡಸರನ್ನು ಸಂಶೋಧಕರು ಹಿಂಬಾಲಿಸಿದರು. ಅವರಲ್ಲಿ ಸುನ್ನತಿಯಾದವರು ಹತ್ತರಲ್ಲಿ ಒಬ್ಬರಷ್ಟೂ ಇರಲಿಲ್ಲ. ಅವರಿಗೆ ಎಚ್‌ಐವಿ ತಗುಲುವ ಅಪಾಯ ಉಳಿದವರಿಗಿಂತ ಆರೇಳು ಪಟ್ಟು ಕಡಿಮೆ ಎಂದು ಕಂಡುಬಂತು. ಇಲ್ಲಿ ಯಾರಿಗಾದರೂ ಏಳುವ ಅನುಮಾನ ಸಹಜವೇ. ಅವರ ನಡವಳಿಕೆಯೇ ಬೇರೆ ಇದ್ದೀತು, ಹೊರಗಿನ ಸಂಬಂಧಗಳು ಕಡಿಮೆ ಇದ್ದಾವು. ಹಾಗಿದ್ದಿದ್ದರೆ ಸಿಫಿಲಿಸ್, ಗೊನೋರಿಯಾ, ಹರ್ಪಿಸ್ ಕೂಡ ಅವರಲ್ಲಿ ಕಡಿಮೆ ಇರಬೇಕಿತ್ತಲ್ಲ? ಇರಲಿಲ್ಲ. ಆ ಮೂರೂ ಸೋಂಕುಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಎಚ್‌ಐವಿಯಲ್ಲಿ ಮಾತ್ರ ಇತ್ತು. ಕಾರಣ ಶೀಲದಲ್ಲಿ ಅಲ್ಲ, ಚರ್ಮದಲ್ಲಿದೆ ಎಂದು ಇಷ್ಟು ಅಚ್ಚುಕಟ್ಟಾಗಿ ತೋರಿಸಿದ ಅಧ್ಯಯನಗಳು ಕಡಿಮೆ. ಸುನ್ನತಿಯ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಜಗಳವಾಡುವವರು ನಮ್ಮ ನೆರೆಯ ಊರಿನ ಈ ಕೆಲಸದ ಹೆಸರೆತ್ತಿದ್ದನ್ನು ನಾನಂತೂ ಕಂಡಿಲ್ಲ.

ಚರ್ಮದಲ್ಲಿ ಇರುವುದೇನು? ಮುಂದೊಗಲಿನ ಒಳಮೈ ತೆಳು. ಎಚ್‌ಐವಿ ಹಿಡಿದು ಒಳನುಗ್ಗಲು ಬೇಕಾದ ಪ್ರತಿರೋಧಕ ಕೋಶಗಳು ಅಲ್ಲಿ ಮೇಲ್ಮೈಗೆ ಹತ್ತಿರದಲ್ಲೇ ಇರುತ್ತವೆ. ಸಂಭೋಗದ ವೇಳೆ ಅದು ಹಿಂದಕ್ಕೆ ಸರಿದು ಸ್ರಾವಕ್ಕೆ ಒಡ್ಡಿಕೊಳ್ಳುತ್ತದೆ, ಸಣ್ಣಪುಟ್ಟ ಗೀರುಗಳೂ ಆಗುತ್ತವೆ. ರಾಕಾಯ್‌ನಲ್ಲಿ ಸಂಗ್ರಹಿಸಿದ ಮಾದರಿಗಳ ಮೇಲೆ ನಡೆದ ಮುಂದಿನ ಸಂಶೋಧನೆಗಳು ಇನ್ನೊಂದು ಸಂಗತಿಯನ್ನು ಹೊರಗೆಡವಿದವು. ಆ ಮಡಿಕೆಯ ಅಡಿಯಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ, ಅವು ಉರಿಯೂತ ಎಬ್ಬಿಸುತ್ತವೆ, ಉರಿಯೂತವು ಎಚ್‌ಐವಿಗೆ ಬೇಕಾದ ಕೋಶಗಳನ್ನೇ ಆ ಜಾಗಕ್ಕೆ ಕರೆತರುತ್ತದೆ. ಸುನ್ನತಿಯ ನಂತರ ಈ ಬ್ಯಾಕ್ಟೀರಿಯಾಗಳು ಗಣನೀಯವಾಗಿ ಇಳಿಯುತ್ತವೆ.

ಹಾಗೆಂದು ಎಲ್ಲ ಲೈಂಗಿಕ ಸೋಂಕುಗಳಿಗೂ ಇದು ತಡೆಯಲ್ಲ. ಪುಣೆಯಲ್ಲಿ ಹಾಗೆ ಕಾಣದಿದ್ದರೂ ರಾಕಾಯ್‌ನಲ್ಲಿ ಹರ್ಪಿಸ್ ಶೇ 28ರಷ್ಟು, ಕ್ಯಾನ್ಸರ್ ತರಬಲ್ಲ ಬಗೆಯ ಎಚ್‌ಪಿವಿ ಶೇ 35ರಷ್ಟು ಕಡಿಮೆಯಾದವು. ಸಿಫಿಲಿಸ್ ಕದಲಲಿಲ್ಲ. ಕಿಸುಮುವಿನಲ್ಲಿ ಗೊನೋರಿಯಾ, ಕ್ಲಮೈಡಿಯಾಗಳೂ ಕಡಿಮೆಯಾಗಲಿಲ್ಲ. ಅವು ಹೆಚ್ಚಾಗಿ ಮೂತ್ರನಾಳದಲ್ಲಿ ನೆಲೆಯೂರುವ ಸೋಂಕುಗಳಾದ್ದರಿಂದ ಇದರಲ್ಲಿ ಅಚ್ಚರಿ ಇಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ನಿನ ವೈದ್ಯ ಜೊನಾಥನ್ ಹಚಿನ್ಸನ್ ತನ್ನ ಯಹೂದಿ ರೋಗಿಗಳಲ್ಲಿ ಸಿಫಿಲಿಸ್ ಕಡಿಮೆ ಎಂದು 1855ರಲ್ಲೇ ಬರೆದಿದ್ದ. ಒಂದೂವರೆ ಶತಮಾನದ ನಂತರದ ಪ್ರಯೋಗ ಆ ಮಾತನ್ನು ಎತ್ತಿಹಿಡಿಯಲಿಲ್ಲ.

ಈ ಕತೆಯಲ್ಲಿ ಹೆಣ್ಣು ಎಲ್ಲಿದ್ದಾಳೆ? ಶೇ 60 ಎಂಬುದು ಹೆಣ್ಣಿನಿಂದ ಗಂಡಿಗೆ ಹರಡುವ ಸೋಂಕಿನ ಲೆಕ್ಕ. ಗಂಡಿನಿಂದ ಹೆಣ್ಣಿಗೆ ಹರಡುವುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ತಿಳಿಯಲು ರಾಕಾಯ್‌ನಲ್ಲಿ ಎಚ್‌ಐವಿ ಇದ್ದ 922 ಗಂಡಸರನ್ನಿಟ್ಟುಕೊಂಡು ಬೇರೆಯೇ ಪ್ರಯೋಗ ನಡೆಯಿತು, 2009ರಲ್ಲಿ ಅದರ ವಿವರ ಹೊರಬಂತು. ಸುನ್ನತಿಯಾದವರ ಸಂಗಾತಿಗಳಲ್ಲಿ ಶೇ 18ರಷ್ಟು ಮಂದಿಗೆ, ಆಗದವರ ಸಂಗಾತಿಗಳಲ್ಲಿ ಶೇ 12ರಷ್ಟು ಮಂದಿಗೆ ಸೋಂಕು ತಗುಲಿತ್ತು. ದಂಪತಿಗಳ ಸಂಖ್ಯೆ ಚಿಕ್ಕದಾದ್ದರಿಂದ ಈ ವ್ಯತ್ಯಾಸವನ್ನೇ ಖಚಿತವೆಂದು ಹಿಡಿಯಲಾಗದು. ಆದರೆ ಹೆಣ್ಣಿಗೆ ರಕ್ಷಣೆ ಸಿಗುತ್ತದೆ ಎಂಬ ಆಸೆಗೆ ಅಲ್ಲಿ ಆಧಾರ ಸಿಗದೆ ಪ್ರಯೋಗ ನಿಂತಿತು. ಗಾಯ ಪೂರ್ತಿ ಮಾಯುವ ಮೊದಲೇ ಕೂಡಿದ ದಂಪತಿಗಳಲ್ಲಿ ಅಪಾಯ ಹೆಚ್ಚಿದಂತೆಯೂ ಕಂಡಿತು. ಎಚ್‌ಪಿವಿ ವಿಷಯದಲ್ಲಿ ಹೆಂಡಂದಿರಿಗೆ ಸ್ವಲ್ಪ ಲಾಭವಿದೆ ಎಂಬುದೂ ಮುಂದೆ ತಿಳಿಯಿತು, ಆದರೆ ಆ ಕೆಲಸಕ್ಕೆ ಲಸಿಕೆಯೇ ಇದೆ. ಒಂದು ಊರಿನ ಬಹುಪಾಲು ಗಂಡಸರಿಗೆ ಸೋಂಕು ತಗುಲದಿದ್ದರೆ ಕಾಲಕ್ರಮೇಣ ಹೆಂಗಸರಿಗೂ ಒಳಿತೇ, ನಿಜ. ಆದರೆ ‘ನನಗೆ ಆಪರೇಷನ್ ಆಗಿದೆ, ಕಾಂಡೋಮ್ ಯಾಕೆ’ ಎಂದು ಗಂಡ ಹೇಳಿದರೆ ಆ ರಾತ್ರಿ ಹೆಂಡತಿಗೆ ಊರಿನ ಸರಾಸರಿ ನೆರವಿಗೆ ಬರುವುದಿಲ್ಲ. ಪ್ರಚಾರದ ಭಿತ್ತಿಪತ್ರಗಳು ಹೆಚ್ಚಾಗಿ ಗಂಡಸಿನ ಜೊತೆಗೇ ಮಾತಾಡಿದವು ಎಂಬುದು ಆಫ್ರಿಕಾದ ಸುನ್ನತಿ ಕಾರ್ಯಕ್ರಮದ ಬಗ್ಗೆ ನನಗಿರುವ ಮುಖ್ಯ ತಕರಾರು.

ವಿರೋಧಿಗಳ ನೆಚ್ಚಿನ ಅಸ್ತ್ರ ಇನ್ನೊಂದಿದೆ. ‘ಶೇ 60 ಅಲ್ಲ, ನಿಜವಾಗಿ ಕಡಿಮೆಯಾದದ್ದು ಶೇ 1.3 ಮಾತ್ರ’ ಎನ್ನುತ್ತಾರೆ. ಲೆಕ್ಕ ಸುಳ್ಳಲ್ಲ. ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಒಂದು ಗುಂಪಿನ ನೂರರಲ್ಲಿ ಎರಡೂವರೆ, ಇನ್ನೊಂದು ಗುಂಪಿನ ನೂರರಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ಕಳೆದರೆ ಉಳಿಯುವುದು ಅಷ್ಟೇ. ಆದರೆ ವರ್ಷ ವರ್ಷವೂ ನೂರಕ್ಕೆ ಒಬ್ಬ ತರುಣನಿಗೆ ಸೋಂಕು ತಗುಲುವ ಊರಿನಲ್ಲಿ ಇದು ಎರಡು ವರ್ಷಕ್ಕೆ ಮುಗಿಯುವ ಲೆಕ್ಕವಲ್ಲ. ಒಮ್ಮೆ ಮಾಡಿದ ಶಸ್ತ್ರಚಿಕಿತ್ಸೆಯ ಫಲ ಉಳಿಯುತ್ತದೆ. ರಾಕಾಯ್‌ನ ಗಂಡಸರನ್ನು ಪ್ರಯೋಗ ಮುಗಿದ ಮೇಲೂ ಸುಮಾರು ಐದು ವರ್ಷ ಗಮನಿಸಿದಾಗ ರಕ್ಷಣೆ ಶೇ 70 ದಾಟಿತ್ತು. ಅದೇ ಪ್ರದೇಶದಲ್ಲಿ ಸುನ್ನತಿಯಾದವರ ಪ್ರಮಾಣ 1999ರಲ್ಲಿದ್ದ ಶೇ 15ರಿಂದ 2016ರ ಹೊತ್ತಿಗೆ ಶೇ 59ಕ್ಕೆ ಏರಿತು, ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆಗಳೂ ಮನೆಮನೆಗೆ ತಲುಪಿದವು, ಹೊಸ ಸೋಂಕು ಶೇ 42ರಷ್ಟು ಇಳಿಯಿತು. ಇದರಲ್ಲಿ ಕತ್ತರಿಯ ಪಾಲೆಷ್ಟು, ಮಾತ್ರೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇದ್ದವು ಎಂಬುದರಲ್ಲಿ ಸಂಶಯವಿಲ್ಲ.

ಈಗ ಇದೇ ಗಣಿತವನ್ನು ಭಾರತಕ್ಕೆ ತನ್ನಿ. ಇಲ್ಲಿ ವಯಸ್ಕರಲ್ಲಿ ಎಚ್‌ಐವಿ ಇರುವವರು ಶೇ 0.2ರಷ್ಟು. ವರ್ಷಕ್ಕೆ ಹೊಸದಾಗಿ ಸೋಂಕು ತಗುಲುವವರು ಅರುವತ್ತೈದು–ಎಪ್ಪತ್ತು ಸಾವಿರ, ಅಂದರೆ ಲಕ್ಷಕ್ಕೆ ಐವರ ಆಸುಪಾಸು. ರಾಕಾಯ್‌ನ ಪ್ರಯೋಗದಲ್ಲಿ ಕಾಯುತ್ತಿದ್ದ ಗುಂಪಿನಲ್ಲಿ ಈ ದರ ವರ್ಷಕ್ಕೆ ಲಕ್ಷಕ್ಕೆ 1,300ರಷ್ಟಿತ್ತು. ರಕ್ಷಣೆ ಎರಡೂ ಕಡೆ ಅರ್ಧದಷ್ಟೆಂದೇ ಇಟ್ಟುಕೊಳ್ಳೋಣ. ಅಲ್ಲಿ ವರ್ಷಕ್ಕೆ ಒಂದು ಸೋಂಕು ತಪ್ಪಿಸಲು ನೂರೈವತ್ತು ಗಂಡಸರಿಗೆ ಶಸ್ತ್ರಚಿಕಿತ್ಸೆ ಸಾಕು, ಇಲ್ಲಿ ಸುಮಾರು ನಲವತ್ತು ಸಾವಿರ ಗಂಡಸರಿಗೆ ಬೇಕು. ವಿಜ್ಞಾನ ಎರಡೂ ಕಡೆ ಒಂದೇ, ನೀತಿ ಒಂದೇ ಆಗಲಾರದು. ವಿಶ್ವ ಆರೋಗ್ಯ ಸಂಸ್ಥೆ ಈ ಕಾರ್ಯಕ್ರಮಕ್ಕೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಹದಿನೈದು ದೇಶಗಳನ್ನಷ್ಟೇ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಅಲ್ಲಿ ಮೂರೂವರೆ ಕೋಟಿಗೂ ಹೆಚ್ಚು ಗಂಡಸರು ಮತ್ತು ಹುಡುಗರು ಸುನ್ನತಿ ಮಾಡಿಸಿಕೊಂಡಿದ್ದಾರೆ.

ಡೆನ್ಮಾರ್ಕ್‌ನ ಅಧ್ಯಯನವನ್ನೂ ಹೀಗೆಯೇ ಓದಬೇಕು. 1977ರಿಂದ 2003ರವರೆಗೆ ಹುಟ್ಟಿದ, ಮುಸ್ಲಿಮೇತರ ಕುಟುಂಬಗಳ ಎಂಟು ಲಕ್ಷಕ್ಕೂ ಹೆಚ್ಚು ಗಂಡುಮಕ್ಕಳ ದಾಖಲೆ ಪರಿಶೀಲಿಸಿದ ಅಲ್ಲಿನ ಸಂಶೋಧಕರು ಬಾಲ್ಯದ ಸುನ್ನತಿಯಿಂದ ಎಚ್‌ಐವಿಗಾಗಲಿ ಇತರ ಲೈಂಗಿಕ ಸೋಂಕಿಗಾಗಲಿ ತಡೆ ಕಾಣಲಿಲ್ಲ ಎಂದರು. ಆಫ್ರಿಕಾದ ಫಲಿತಾಂಶ ಸುಳ್ಳಾಯಿತೆಂದು ಕೆಲವರು ಕುಣಿದರು. ಆದರೆ ಡೆನ್ಮಾರ್ಕ್‌ನಲ್ಲಿ ಎಚ್‌ಐವಿಯೇ ಅಪರೂಪ, ಇರುವುದೂ ಹೆಚ್ಚಾಗಿ ಗಂಡಸರ ನಡುವಿನ ಸಂಬಂಧದಲ್ಲಿ ಹರಡುತ್ತದೆ. ಪ್ರಶ್ನೆಯೇ ಬೇರೆಯಾದಾಗ ಉತ್ತರ ಬೇರೆ ಬಂದರೆ ಮೊದಲ ಉತ್ತರ ಬಿದ್ದುಹೋಗುವುದಿಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನನ್ನ ನಿಲುವು ಚುಟುಕು. ಮೂರೂ ಪ್ರಯೋಗಗಳು ನಡೆದದ್ದು ಸಮ್ಮತಿ ಕೊಟ್ಟ ತರುಣರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಪರಿಷ್ಕೃತ ಮಾರ್ಗಸೂಚಿ ಕೂಡ ಹದಿನೈದು ತುಂಬಿದವರತ್ತ ಗಮನವಿಟ್ಟಿದೆ. ಅದಕ್ಕಿಂತ ಚಿಕ್ಕ ಹುಡುಗರಲ್ಲಿ ಗಾಯದ ತೊಡಕುಗಳು ಹೆಚ್ಚಿದ್ದವು. ಹಸುಗೂಸಿಗೆ ಸುನ್ನತಿ ಮಾಡಿಸುವ ತಂದೆತಾಯಿ ಅದನ್ನು ನಂಬಿಕೆಯ ಕಾರಣಕ್ಕೆ ಮಾಡಿಸುವುದಾದರೆ ನಂಬಿಕೆಯ ಕಾರಣವನ್ನೇ ಹೇಳಲಿ. ಎಚ್‌ಐವಿ ಸಂಶೋಧನೆಯನ್ನು ಸಾಕ್ಷಿಗೆ ಕರೆಯಬೇಕಿಲ್ಲ.

ಸಮುದಾಯದ ಗುರುತಾಗಿರುವ ಒಂದು ಆಚರಣೆಯನ್ನು ವೈದ್ಯಕೀಯಕ್ಕೆ ತರುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ಕಿಸುಮುವೇ ಉದಾಹರಣೆ. ಅದು ಲುವೊ ಜನರ ಸೀಮೆ, ಅವರಲ್ಲಿ ಸುನ್ನತಿಯ ಪದ್ಧತಿ ಇಲ್ಲ, ಕೆನ್ಯಾದ ಇತರ ಹಲವು ಸಮುದಾಯಗಳಲ್ಲಿ ಇದೆ. ಹಿರಿಯರ ಪರಿಷತ್ತು ಮೊದಲು ಮುನಿಸಿಕೊಂಡಿತು. ಸ್ವತಃ ಲುವೊ ಆದ ಅಂದಿನ ಪ್ರಧಾನಿ ರೈಲಾ ಒಡಿಂಗಾ 2008ರಲ್ಲಿ ಬಹಿರಂಗವಾಗಿ ಬೆಂಬಲಕ್ಕೆ ನಿಂತರು. ಇದು ಸಂಸ್ಕೃತಿಯ ಬದಲಾವಣೆಯಲ್ಲ, ಚಿಕಿತ್ಸೆ ಮಾತ್ರ ಎಂದು ಮತ್ತೆ ಮತ್ತೆ ಹೇಳಿದ ಮೇಲೆಯೇ ಜನ ಬಂದರು. ಗಲಭೆಯ ಹೊತ್ತಿನಲ್ಲಿ ಬಟ್ಟೆ ಬಿಚ್ಚಿಸಿ ಧರ್ಮ ಪತ್ತೆ ಹಚ್ಚಿದ ಇತಿಹಾಸವಿರುವ ನಮ್ಮ ದೇಶದಲ್ಲಿ ಅಂಥ ಮಾತು ಅಷ್ಟು ಸುಲಭದಲ್ಲಿ ನಡೆಯುತ್ತದೆಂದು ನಾನು ನಂಬುವುದಿಲ್ಲ.

ಆದರೂ ಮೈಸೂರಿನಲ್ಲಿ ಕೇಳಿ ನೋಡಿದವರಿದ್ದಾರೆ. 2008ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಗಂಡುಮಕ್ಕಳಿರುವ ತಾಯಂದಿರಿಗೆ ಸುನ್ನತಿಯ ಲಾಭ–ಅಪಾಯಗಳನ್ನು ವಿವರಿಸಿ, ಆಸ್ಪತ್ರೆಯಲ್ಲಿ ಸುರಕ್ಷಿತವಾಗಿ, ಉಚಿತವಾಗಿ ಮಾಡುವುದಾದರೆ ಮಗನಿಗೆ ಮಾಡಿಸುತ್ತೀರಾ ಎಂದು ಕೇಳಲಾಯಿತು. ಐವರಲ್ಲಿ ನಾಲ್ವರು ಹೂಂ ಎಂದರು. ಬಿಳಿ ಕೋಟಿನ ಎದುರು ಕೂತ ತಾಯಿ ಹೂಂ ಎನ್ನುವುದಕ್ಕೂ ಮನೆಗೆ ಹೋಗಿ ಅತ್ತೆಯ ಮುಂದೆ ಆ ಮಾತೆತ್ತುವುದಕ್ಕೂ ಇರುವ ಅಂತರ ನಮಗೆ ಗೊತ್ತಿಲ್ಲದ್ದೇನಲ್ಲ.

ಕರ್ನಾಟಕಕ್ಕೂ ಕಿಸುಮುವಿಗೂ ನೇರವಾದ ನಂಟೊಂದಿದೆ. ಕಿಸುಮು ಅಧ್ಯಯನ ತಂಡದಲ್ಲಿದ್ದ, ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಸ್ಟೀಫನ್ ಮೋಸಸ್ ಅದೇ ದಶಕದಲ್ಲಿ ಕರ್ನಾಟಕದ ಏಡ್ಸ್ ತಡೆ ಕಾರ್ಯಕ್ರಮಗಳಲ್ಲೂ ದುಡಿದರು. ಆ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪುಗೊಂಡ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಬಾಗಲಕೋಟೆ, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಹಿಡಿದದ್ದು ಬೇರೆಯೇ ದಾರಿ. ಲೈಂಗಿಕ ಕಾರ್ಯಕರ್ತೆಯರನ್ನು ಸಂಘಟಿಸುವುದು, ಕಾಂಡೋಮ್ ಮುಟ್ಟಿಸುವುದು, ಗುಪ್ತರೋಗಗಳಿಗೆ ಬೇಗ ಚಿಕಿತ್ಸೆ ಕೊಡಿಸುವುದು, ಪೊಲೀಸರ ಹಿಂಸೆ ತಗ್ಗಿಸುವುದು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತೆಯರದೇ ಆದ ಆಶೋದಯ ಸಮಿತಿಯ ಹೆಣ್ಣುಮಕ್ಕಳು ಅದೇ ಕೆಲಸವನ್ನು ತಾವೇ ಮುಂದೆ ನಿಂತು ಮಾಡಿದರು. ಸುನ್ನತಿಯ ಪುರಾವೆಯನ್ನು ಜಗತ್ತಿಗೆ ಕೊಟ್ಟವರಲ್ಲೊಬ್ಬರೇ ಇಲ್ಲಿ ಅದನ್ನು ಮುಂದಿಡಲಿಲ್ಲ, ಯಾಕೆಂದರೆ ಇಲ್ಲಿ ರೋಗ ಹರಿಯುತ್ತಿದ್ದ ಕಾಲುವೆಗಳು ಬೇರೆಯಾಗಿದ್ದವು.

ಲೆಕ್ಕಾಚಾರ ಈಗ ಆಫ್ರಿಕಾದಲ್ಲೂ ಬದಲಾಗುತ್ತಿದೆ. ಅಮೆರಿಕವು 2025ರ ಜನವರಿಯಲ್ಲಿ ವಿದೇಶಿ ನೆರವು ತಡೆಹಿಡಿದಾಗ ಎಚ್‌ಐವಿ ಚಿಕಿತ್ಸೆಗೆ ವಿನಾಯಿತಿ ಸಿಕ್ಕಿತು, ಸುನ್ನತಿ ಶಿಬಿರಗಳಿಗೆ ಸಿಗಲಿಲ್ಲ. ಜ್ವರ ಬಂದರೂ ಆಸ್ಪತ್ರೆಯತ್ತ ಸುಳಿಯದ ತರುಣರನ್ನು ರಕ್ತಪರೀಕ್ಷೆಯವರೆಗೆ ತಂದದ್ದು ಆ ಶಿಬಿರಗಳೇ ಆಗಿದ್ದವು. ಇನ್ನೊಂದು ಕಡೆ, ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದು ಬಂದಿದೆ. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ ಅದನ್ನು ಪಡೆದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಸುನ್ನತಿ ಕೊಡಲಾಗದ ರಕ್ಷಣೆಯನ್ನು ಇದು ಹೆಣ್ಣಿನ ಕೈಗೇ ಕೊಡುತ್ತದೆ. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಇದರ ಅಗ್ಗದ ರೂಪವನ್ನು ವರ್ಷಕ್ಕೆ ಸುಮಾರು 40 ಡಾಲರ್‌ಗೆ, 2027ರಿಂದ ಬಡ ದೇಶಗಳಿಗೆ ಒದಗಿಸುವುದಾಗಿ ಹೇಳಿವೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಆ ಮದ್ದು ಯಾರಿಗೆ, ಯಾವಾಗ ಸಿಗುತ್ತದೆ ಎಂಬುದನ್ನು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯನ್ನು ಕೇಳುವ ಹೊತ್ತು ಇದು.